ಕಟ್ಟು ಬಿಚ್ಚೋ ಮುಂಚೆ: ಹಳೆ ದಾಖಲೆ ಜೋಡಿಸಲು ಹೊರಟ ಇಂಟರ್ನ್‌ಗೆ

ಸಾಗರದ ಕಡೆ ಒಂದು ಸಣ್ಣ ದಾಖಲೆ ಸಂಗ್ರಹದಲ್ಲಿ ಇಂಟರ್ನ್ ಆಗಿ ಸೇರಿದ ಮೊದಲ ವಾರವೇ ನಾನೊಂದು ಎಡವಟ್ಟು ಮಾಡಿದೆ. ಆಷಾಢದ ಮಳೆ, ಕರೆಂಟ್ ಬೇರೆ ಇಲ್ಲ. ಮೇಜಿನ ಮೇಲೆ ಒಂದು ತಗಡಿನ ಟ್ರಂಕು, ಅಡಿಕೆ ತೋಟದವರ ಮನೆಯಿಂದ ಬಂದದ್ದು. ಒಳಗೆ ಕೆಂಪು ದಾರ ಸುತ್ತಿದ ಒಂದು ಕಟ್ಟು. ಗೇಣಿ ಚೀಟಿ, ಕಂದಾಯದ ರಸೀದಿ, ಇನ್‌ಲ್ಯಾಂಡ್ ಲೆಟರ್, ಮಂಡಿ ಪಟ್ಟಿ, ಎಲ್ಲ ಕಲಸಿಕೊಂಡಿದ್ದವು. ನನಗೋ ಹುರುಪು. ದಾರ ಬಿಚ್ಚಿದೆ. ರಸೀದಿ ಒಂದು ಕಡೆ, ಕಾಗದ ಒಂದು ಕಡೆ ಮಾಡಿ, ಇಸವಿ ಪ್ರಕಾರ ಜೋಡಿಸಿ, ಸಂಜೆ ಹೊತ್ತಿಗೆ ನೀಟಾಗಿ ನಾಲ್ಕು ಫೋಲ್ಡರ್ ಮಾಡಿಟ್ಟೆ.

ಮೇಡಂ ಬಂದು ನೋಡಿದರು. ಬೈಯಲಿಲ್ಲ. "ಯಾವುದು ಯಾವುದರ ಜೊತೆ ಇತ್ತು?" ಅಂತ ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ.

ತಿಂಗಳ ಮೇಲೆ ಆ ಮನೆಯ ಅಜ್ಜಿಯ ಹತ್ತಿರ ಹೋದಾಗ ವಿಷಯ ತಿಳಿಯಿತು. "ಕೂಸೇ, ಅದು ನಮ್ಮ ಮಾವ ಕೋರ್ಟಿಗೆ ತಗಂಡು ಹೋಪಲೆ ಕಟ್ಟಿದ್ದು" ಅಂದರು. ಒಂದು ಗೇಣಿ ಚೀಟಿ, ಅದರ ಬೆನ್ನಿಗೆ ಅದಕ್ಕೆ ಸಾಕ್ಷಿಯಾಗುವ ರಸೀದಿ, ಅದರ ಬೆನ್ನಿಗೆ ಆ ವರ್ಷದ ಮಂಡಿ ಪಟ್ಟಿ. ಮಾವನವರು ತಮ್ಮ ವಾದವನ್ನೇ ದಾರದಲ್ಲಿ ಕಟ್ಟಿಟ್ಟಿದ್ದರು. ಅದನ್ನು ನಾನು ಅರ್ಧ ದಿನದಲ್ಲಿ ಬಿಚ್ಚಿ ಹಾಕಿದ್ದೆ. ಒಂದು ಹಾಳೆಯೂ ಹರಿದಿರಲಿಲ್ಲ, ಒಂದೂ ಕಳೆದಿರಲಿಲ್ಲ. ಆದರೂ ಹೋದದ್ದು ಹೋಗಿತ್ತು.

ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಕೈ ತಡೆದುಕೊಳ್ಳುವುದರ ಬಗ್ಗೆಯೇ ಇದೆ.

ಮೊದಲ ದಿನ ನೋಡುವುದಷ್ಟೇ

ಪೆಟ್ಟಿಗೆ ಬಂದ ಕೂಡಲೇ ಮುಚ್ಚಳ ತೆಗೆದು, ಒಳಗಿರುವುದು ಇದ್ದ ಹಾಗೇ ಇರಲಿ, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಒಂದೊಂದು ಪದರ ಎತ್ತಿದ ಹಾಗೆ ಇನ್ನೊಂದು. ಮೊಬೈಲ್ ಸಾಕು. ಮುಂದೆ ಏನಾದರೂ ಹೆಚ್ಚುಕಮ್ಮಿಯಾದರೆ ಮೊದಲಿನ ಹಾಗೆ ಜೋಡಿಸಲು ಈ ಫೋಟೋಗಳೇ ಗತಿ.

ಆಮೇಲೆ ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದದ್ದನ್ನೆಲ್ಲ ದಾಖಲಿಸುವ ಪುಸ್ತಕ. ಯಾವ ದಿನ ಬಂತು, ಯಾರು ಕೊಟ್ಟರು, ಎಷ್ಟು ಪೆಟ್ಟಿಗೆ, ದಾನವೋ ಅಥವಾ ನೋಡಿ ವಾಪಸ್ ಕೊಡುವ ಕರಾರೋ, ಸ್ಕ್ಯಾನ್ ಮಾಡಬಹುದೋ, ಹೊರಗಿನವರಿಗೆ ತೋರಿಸಬಹುದೋ. ಇದನ್ನೆಲ್ಲ ಬಾಯಿಮಾತಿಗೆ ಬಿಡಬೇಡಿ, ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳಿ. ಕೊಟ್ಟವರು ಉದಾರಿಗಳೇ ಇರಬಹುದು. ಹತ್ತು ವರ್ಷದ ಮೇಲೆ ಅವರ ಮಕ್ಕಳು ಬಂದು "ನಮ್ಮಜ್ಜನ ಪೇಪರ್ ಎಲ್ಲಿ?" ಅಂತ ಕೇಳಿದಾಗ ಉತ್ತರ ಇರಬೇಕಲ್ವಾ.

ಮನೆಯ ಹಿರಿಯರನ್ನು ಮಾತಾಡಿಸುವುದು ಈ ಹಂತದ ದೊಡ್ಡ ಕೆಲಸ. "ಇದು ಯಾರು ಬರೆದದ್ದು?" ಅಂದರೆ ಹೆಚ್ಚಿನ ಸಲ "ನಮ್ಮ ಹಿರಿಯರು" ಅನ್ನುವ ಉತ್ತರ ಬರುತ್ತದೆ. "ಈ ಟ್ರಂಕಿನ ಬೀಗದ ಕೈ ಯಾರ ಹತ್ತಿರ ಇರ್ತಿತ್ತು?" ಅಂತ ಕೇಳಿ ನೋಡಿ, ಕತೆಯೇ ಬಿಚ್ಚಿಕೊಳ್ಳುತ್ತದೆ. ಅಟ್ಟದಲ್ಲಿತ್ತೋ, ಉಗ್ರಾಣದಲ್ಲಿತ್ತೋ, ದೇವರ ಕೋಣೆಯಲ್ಲಿತ್ತೋ, ಅದನ್ನೂ ಬರೆದುಕೊಳ್ಳಿ. ದೇವರ ಕೋಣೆಯಲ್ಲಿಟ್ಟ ಕಾಗದ ಸುಮ್ನೆ ಅಲ್ಲಿಗೆ ಬಂದಿರುವುದಿಲ್ಲ.

ನಮ್ಮ ಕಡೆಯ ಒಂದು ವಿಶೇಷ ತೊಡಕು ಹೇಳುತ್ತೇನೆ. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಲ್ಲಿ ರದ್ದಾಯಿತು. ಅದಕ್ಕೂ ಮುಂಚೆ ಶಾನುಭೋಗರ ಮನೆಯೇ ಊರಿನ ಕಚೇರಿ. ಅಂಥ ಮನೆಯ ಟ್ರಂಕಿನಲ್ಲಿ ಮನೆ ಲೆಕ್ಕದ ಜೊತೆ ಊರಿನ ಲೆಕ್ಕವೂ ಇರಬಹುದು. ಅದು ಮನೆಯವರ ಆಸ್ತಿಯೋ, ಸರ್ಕಾರದ ದಾಖಲೆಯೋ ಅನ್ನುವುದು ಇಂಟರ್ನ್ ತೀರ್ಮಾನಿಸುವ ವಿಷಯವೇ ಅಲ್ಲ. ಗುರುತು ಮಾಡಿಕೊಂಡು ಮೇಲಿನವರಿಗೆ ತಿಳಿಸಿ.

ಮಳೆ, ಬೂಷ್ಟು, ಒರಲೆ

ಪುಸ್ತಕಗಳಲ್ಲಿ ಓದಿದರೆ ಕಾಗದಕ್ಕೆ ಗಾಳಿಯಲ್ಲಿ ಸುಮಾರು 45ರಿಂದ 55 ಪರ್ಸೆಂಟ್ ತೇವಾಂಶ ಒಳ್ಳೆಯದು ಅಂತ ಇರುತ್ತದೆ. 65 ದಾಟಿದರೆ ಬೂಷ್ಟು ಏಳಲು ಶುರು. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನವಾದರೂ ಒಣಗುವುದಿಲ್ಲ, ಇನ್ನು ಕಾಗದದ ಪಾಡು ಕೇಳುವುದೇನು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸದಾಗಿ ಬಂದ ಪೆಟ್ಟಿಗೆಯನ್ನು ನೇರ ಕಪಾಟಿನ ಕೋಣೆಗೆ ಒಯ್ಯಬೇಡಿ. ಬೇರೆ ಕೋಣೆಯಲ್ಲಿಟ್ಟು ಒಂದೆರಡು ವಾರ ಕಣ್ಣಿಡಿ. ಗೋಡೆಗೆ ತಾಗಿಸಬೇಡಿ, ನೆಲದ ಮೇಲಂತೂ ಬೇಡವೇ ಬೇಡ. ಒರಲೆ, ಅಂದರೆ ಗೆದ್ದಲು, ಬರುವುದೇ ನೆಲದಿಂದ. ಪೆಟ್ಟಿಗೆ ಕೆಳಗೆ ಮಣ್ಣಿನ ಗೆರೆ ಕಂಡರೆ ಆ ಕ್ಷಣವೇ ಹೇಳಿ. ಸಂಜೆ ಚಹಾ ಆದಮೇಲೆ ಹೇಳೋಣ ಅಂದುಕೊಳ್ಳಬೇಡಿ.

ಬೂಷ್ಟು ಹಿಡಿದ ಕಾಗದಕ್ಕೆ ಮಾಸ್ಕ್ ಹಾಕಿಕೊಂಡೇ ಕೈ ಹಾಕಿ. ಒದ್ದೆಯಿದ್ದಾಗ ಒರೆಸಿದರೆ ಬೂಷ್ಟು ಕಾಗದದೊಳಗೆ ಇಳಿಯುತ್ತದೆ. ಹಾಳೆಗಳ ಮಧ್ಯೆ ಬ್ಲಾಟಿಂಗ್ ಪೇಪರ್ ಇಟ್ಟು, ಫ್ಯಾನ್ ಹಾಕಿ, ನೆರಳಲ್ಲಿ ಒಣಗಿಸಿ. ಅಡಿಕೆ ಹರವಿದ ಹಾಗೆ ಅಂಗಳದ ಬಿಸಿಲಿಗೆ ಹರವಿದರೆ ಶಾಯಿ ಮಾಸುತ್ತದೆ, ಹಾಳೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಒಣಗಿದ ಮೇಲೆ ಮೆತ್ತನೆ ಬ್ರಷ್‌ನಲ್ಲಿ, ನಿಮ್ಮಿಂದ ಹೊರಮುಖವಾಗಿ ಧೂಳು ಸರಿಸಿ. ನುಸಿ ಗುಳಿಗೆ ಹಾಕಿಬಿಟ್ಟರೆ ಆಯ್ತು ಅನ್ನುವವರಿದ್ದಾರೆ. ಅದರಿಂದ ಬೂಷ್ಟಿಗೆ ಏನೂ ಆಗುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕೂರುವ ನಿಮಗೇ ತಲೆನೋವು.

ಹಳೆ ಮನೆಗಳ ಕಾಗದ ಕೆಲವೊಮ್ಮೆ ಕಪ್ಪಗಿರುತ್ತದೆ, ಹೊಗೆ ವಾಸನೆ ಬರುತ್ತದೆ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರ ಗುರುತು ಅದು. ಆ ಹೊಗೆಯೇ ಎಷ್ಟೋ ವರ್ಷ ಹುಳವನ್ನು ದೂರ ಇಟ್ಟಿರುತ್ತದೆ. ಇಲ್ಲಣ ತೆಗೆಯುತ್ತೇನೆ ಅಂತ ಉಜ್ಜಲು ಹೋಗಬೇಡಿ.

ಈಗ ಗುಂಡುಸೂಜಿ. ಇದೊಂದನ್ನು ಕಲಿಯಲು ನನಗೆ ಎರಡು ದಿನ ಹಿಡಿಯಿತು. ತುಕ್ಕು ಹಿಡಿದ ಸೂಜಿ ಕಾಗದಕ್ಕೆ ಅಂಟಿಕೊಂಡಿರುತ್ತದೆ. ತಲೆ ಹಿಡಿದು ಎಳೆದರೆ ಕಾಗದದ ಚೂರೂ ಅದರ ಜೊತೆ ಬರುತ್ತದೆ. ಮೊದಲು ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಸೂಜಿ ಮತ್ತು ಕಾಗದದ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಹಾಳೆಯ ತುಂಡು ತೂರಿಸಿ. ಎಕ್ಸ್‌ರೇ ಫಿಲ್ಮಿನ ತುಂಡಾದರೂ ಆದೀತು. ಅದರ ಮೇಲೆ ಸೂಜಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿ. ತುಕ್ಕಿನ ಹಿಡಿತ ಬಿಡುವಾಗ ಒಂದು ಸಣ್ಣ ಚಟ್ ಸದ್ದು ಬರುತ್ತದೆ. ಆಮೇಲೆ ಹೋದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಸೂಜಿ ತೆಗೆದ ಕೂಡಲೇ ಆ ಹಾಳೆಗಳನ್ನು ಮಡಚಿದ ಬಿಳಿ ಹಾಳೆಯೊಳಗೆ ಒಟ್ಟಿಗೇ ಇಡಿ. ಸೂಜಿ ಹೋದರೂ ಜೊತೆ ಹೋಗಬಾರದು.

ಸೆಲ್ಲೋಟೇಪ್ ಮುಟ್ಟಬೇಡಿ, ಲ್ಯಾಮಿನೇಷನ್ ಮಾತೇ ಬೇಡ. ಕೋಣೆಯೊಳಗೆ ಪೆನ್ಸಿಲ್ ಮಾತ್ರ. ಕಟ್ಟು ಕಟ್ಟಲು ರಬ್ಬರ್ ಬ್ಯಾಂಡ್ ಬದಲು ಹತ್ತಿಯ ಲಾಡಿ, ಸುತ್ತಲು ಗಂಜಿ ತೊಳೆದ ಕೋರಾ ಬಟ್ಟೆ. ಆಸಿಡ್ ಇಲ್ಲದ ಪೆಟ್ಟಿಗೆ ಸಿಕ್ಕರೆ ಒಳ್ಳೆಯದು, ದುಬಾರಿ. ಕೈಗವಸು ಫೋಟೋ ಮತ್ತು ನೆಗೆಟಿವ್‌ಗೆ ಬೇಕು. ಕಾಗದಕ್ಕೆ ಚೆನ್ನಾಗಿ ತೊಳೆದು ಒಣಗಿಸಿದ ಬರಿಗೈಯೇ ಮೇಲು. ಕೈಗವಸಿನಲ್ಲಿ ಅಂಚು ತಿಳಿಯದೆ ಹರಿದುಹೋಗುತ್ತದೆ.

ಜೋಡಣೆ

ಪತ್ರಾಗಾರದ, ಅಂದರೆ ಹಳೆ ದಾಖಲೆ ಕಾಪಾಡುವ ಜಾಗದ, ಕೆಲಸಕ್ಕೆ ಎರಡು ನಿಯಮ ಮುಖ್ಯ. ಒಂದು ಮನೆಯ ಕಾಗದವನ್ನು ಇನ್ನೊಂದು ಮನೆಯದರ ಜೊತೆ ಬೆರೆಸಬಾರದು, ವಿಷಯ ಒಂದೇ ಆದರೂ. ಒಂದು ಸಂಗ್ರಹದೊಳಗೆ, ಬಳಸುತ್ತಿದ್ದವರು ಇಟ್ಟ ಕ್ರಮವನ್ನು ಆದಷ್ಟು ಹಾಗೇ ಉಳಿಸಬೇಕು. ನೆದರ್ಲೆಂಡ್ಸಿನ ಮೂವರು 1898ರಲ್ಲಿ ಬರೆದ ಕೈಪಿಡಿಯಲ್ಲಿ ಈ ನಿಯಮಗಳು ಗಟ್ಟಿಯಾದವು. ಇವತ್ತಿಗೂ ಎಲ್ಲ ಕಡೆ ಇದೇ ಬುನಾದಿ. ಲೈಬ್ರರಿ ಕೆಲಸ ಮಾಡಿ ಬಂದವರಿಗೆ ಇದು ಸ್ವಲ್ಪ ಕಷ್ಟ. ಅವರ ಕೈ ವಿಷಯವಾರು ವಿಂಗಡಿಸಲು ತುರಿಸುತ್ತಿರುತ್ತದೆ.

ಸಂಗ್ರಹವನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಿ. ಮೇಲೆ ಇಡೀ ಮನೆತನದ ಸಂಗ್ರಹ. ಅದರ ಕೆಳಗೆ ಸರಣಿಗಳು: ತೋಟದ ಲೆಕ್ಕ, ಜಮೀನಿನ ಕಾಗದ, ಖಾಸಗಿ ಪತ್ರ, ದೇವಸ್ಥಾನದ ವ್ಯವಹಾರ. ಸರಣಿಯ ಕೆಳಗೆ ಕಡತ, ಕಡತದ ಕೆಳಗೆ ಬಿಡಿ ಹಾಳೆ. ಸರಣಿಗಳನ್ನು ಮೊದಲೇ ಊಹಿಸಿಕೊಂಡು ಕಾಗದವನ್ನು ಅದರೊಳಗೆ ತುರುಕಬೇಡಿ. ಮನೆಯ ಯಜಮಾನರು ಅಡಿಕೆ ಲೆಕ್ಕವನ್ನೂ ಮಗಳ ಮದುವೆ ಖರ್ಚನ್ನೂ ಒಂದೇ ಕಿರ್ದಿ ಪುಸ್ತಕದಲ್ಲಿ ಬರೆದಿದ್ದರೆ ಅದು ಒಂದೇ ಪುಸ್ತಕ. ಆ ವರ್ಷದ ಫಸಲಿಗೂ ಮದುವೆಗೂ ಅವರ ತಲೆಯಲ್ಲಿ ಒಂದೇ ಲೆಕ್ಕ ಇತ್ತು.

ಗೋಣಿಚೀಲದಲ್ಲಿ ತುಂಬಿ ತಂದದ್ದಕ್ಕೆ ಕ್ರಮವೇ ಇರುವುದಿಲ್ಲ. ಆಗ ನೀವೇ ಒಂದು ಕ್ರಮ ಮಾಡಬೇಕು. ಆದರೆ ಚೀಲದೊಳಗೂ ಅಲ್ಲಲ್ಲಿ ಮಡಚಿಟ್ಟ, ದಾರ ಸುತ್ತಿದ, ಒಂದೇ ಲಕೋಟೆಯಲ್ಲಿ ತುರುಕಿದ ಸಣ್ಣ ಸಣ್ಣ ಗುಂಪುಗಳು ಇರುತ್ತವೆ. ಅವುಗಳನ್ನು ಒಡೆಯದೆ, ಉಳಿದದ್ದನ್ನು ಮಾತ್ರ ಜೋಡಿಸಿ.

ಎಷ್ಟು ಆಳಕ್ಕೆ ಇಳಿಯಬೇಕು? ಅಮೆರಿಕದ ಮಾರ್ಕ್ ಗ್ರೀನ್ ಮತ್ತು ಡೆನ್ನಿಸ್ ಮೈಸ್ನರ್ 2005ರಲ್ಲಿ ಒಂದು ವಾದ ಮುಂದಿಟ್ಟರು. ಪ್ರತಿ ಹಾಳೆ ಮುಟ್ಟಿ, ಪ್ರತಿ ಪಿನ್ನು ತೆಗೆದು ಕೂತರೆ ಉಳಿದ ಪೆಟ್ಟಿಗೆಗಳು ಹಾಗೇ ಬಿದ್ದಿರುತ್ತವೆ. ಓದುಗರ ಕೈಗೆ ಸಿಗುವಷ್ಟು ಕೆಲಸ ಮಾಡಿ ಮುಂದೆ ಹೋಗಿ ಅಂತ. ನಾನು ಅರ್ಧ ಒಪ್ಪುತ್ತೇನೆ. ವಿವರಣೆಯಲ್ಲಿ ಖಂಡಿತ ಹಾಗೆ ಮಾಡಿ, ಎಲ್ಲಕ್ಕೂ ಹಾಳೆ ಹಾಳೆಯ ವಿವರ ಬೇಕಿಲ್ಲ. ಆದರೆ ಪಿನ್ನಿನ ವಿಷಯದಲ್ಲಿ ಅವರ ಲೆಕ್ಕ ಎಸಿ ಇರುವ ಗೋದಾಮಿನದ್ದು. ಮಲೆನಾಡಿನ ಎರಡು ಮಳೆಗಾಲ ಕಂಡ ಪಿನ್ನು ಕಾಗದದಲ್ಲಿ ಕಂದು ತೂತು ಕೊರೆದಿರುತ್ತದೆ. ಇಲ್ಲಿ ತೆಗೆಯಲೇಬೇಕು.

ಕ್ಯಾಟಲಾಗ್ ಬರೆಯುವುದು

ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ಐಸ್ಯಾಡ್-ಜಿ ಅನ್ನುವ, ದಾಖಲೆಗಳ ವಿವರಣೆ ಬರೆಯುವ ಮಾನದಂಡದಲ್ಲಿ 26 ಅಂಶಗಳಿವೆ. ಗಾಬರಿಯಾಗಬೇಡಿ. ಆರು ಇದ್ದರೆ ಕೆಲಸ ನಡೆಯುತ್ತದೆ: ಉಲ್ಲೇಖ ಸಂಖ್ಯೆ, ಶೀರ್ಷಿಕೆ, ಯಾರು ಸೃಷ್ಟಿಸಿದ್ದು, ಕಾಲ, ಪ್ರಮಾಣ, ಯಾವ ಮೆಟ್ಟಿಲಿನ ವಿವರಣೆ. ಒಂದು ಮಾದರಿ ನೋಡಿ:

ಉಲ್ಲೇಖ ಸಂಖ್ಯೆ: ತೋಮ/3/12
ಶೀರ್ಷಿಕೆ: [ಸೊಪ್ಪಿನಬೆಟ್ಟದ ತಕರಾರಿನ ಕಾಗದಗಳು]
ಸೃಷ್ಟಿಸಿದವರು: ಮನೆಯ ಹಿರಿಯ ಯಜಮಾನರು
ಕಾಲ: 1938–1952, ಹೆಚ್ಚಿನವು 1951
ಪ್ರಮಾಣ: 1 ಫೋಲ್ಡರ್, 47 ಹಾಳೆ
ಮೆಟ್ಟಿಲು: ಕಡತ

ಶೀರ್ಷಿಕೆಗೆ ಚೌಕ ಕಂಸ ಯಾಕೆ ಅಂದರೆ ಅದು ನೀವು ಕೊಟ್ಟ ಹೆಸರು. ಕಟ್ಟಿನ ಮೇಲೆ ಯಜಮಾನರೇ "ಬೆಟ್ಟದ ಗಲಾಟೆ" ಅಂತ ಬರೆದಿದ್ದರೆ ಅದನ್ನೇ ಹಾಕಿ, ಕಂಸ ಬೇಡ. ಗಲಾಟೆಯನ್ನು "ವಿವಾದ" ಅಂತ ತಿದ್ದುವ ಆಸೆ ಬರುತ್ತದೆ. ಬಿಟ್ಟುಬಿಡಿ. ಹಾಗೆಯೇ "ಅಡಿಕೆ ಮಾರಾಟದ ದಾಖಲೆಗಳು" ಅಂತ ಬರೆದು ಸುಮ್ಮನಾಗಬೇಡಿ. ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಪಟ್ಟಿಯಲ್ಲಿದ್ದರೆ ವಿವರಣೆಯಲ್ಲೂ ಆ ಮಾತುಗಳಿರಲಿ. ಹುಡುಕುವವರು ಹುಡುಕುವುದು ಅದೇ ಮಾತಿನಿಂದ.

ತುಂಬ ಸಮಯ ತಿನ್ನುವುದು ತಾರೀಕು. ಪತ್ರದ ಮೇಲೆ "ಖರ ಸಂವತ್ಸರದ ಆಶ್ವಯುಜ ಶುದ್ಧ" ಅಂತಷ್ಟೇ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆದ್ದರಿಂದ ಖರ ಅಂದರೆ 1891 ಆಗಬಹುದು, 1951 ಆಗಬಹುದು, 2011 ಕೂಡ. ಪತ್ರದಲ್ಲಿ ಸಾಗರದ ಕಡೆಯ ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹದ ಮಾತು ಬಂದಿದ್ದರೆ 1951 ಅಂತ ಧೈರ್ಯವಾಗಿ ಬರೆಯಿರಿ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ಪುಷ್ಯ, ಮಾಘ, ಫಾಲ್ಗುಣದ ಪತ್ರಗಳಿಗೆ ಒಂದು ವರ್ಷ ಮುಂದೆ ಹೋಗಬೇಕಾಗಬಹುದು, ಪಂಚಾಂಗ ನೋಡಿ.

ತಾರೀಕೇ ಇಲ್ಲದಿದ್ದರೆ ಕಾಗದವನ್ನೇ ಕೇಳಬೇಕು. ಲೆಕ್ಕ ರೂಪಾಯಿ-ಆಣೆ-ಪೈಯಲ್ಲಿದ್ದರೆ ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು. "ನಯಾ ಪೈಸೆ" ಅಂತಿದ್ದರೆ ಅದರ ನಂತರದ ಕೆಲವು ವರ್ಷ. ಅಚ್ಚಾದ ಫಾರಂ ಮೇಲೆ "ಮೈಸೂರು ರಾಜ್ಯ" ಅಂತಿದ್ದರೆ ಆ ಫಾರಂ ಅಚ್ಚಾದದ್ದು 1973ರ ನವೆಂಬರ್‌ಗಿಂತ ಮುಂಚೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲೆ. ಆದರೆ ಹಳೆ ಫಾರಂಗಳನ್ನು ಕಚೇರಿಗಳು ಮುಗಿಯುವವರೆಗೂ ಬಳಸುತ್ತಿದ್ದವು, ಮನೆಯ ಹಿರಿಯರು ಆಣೆ ಲೆಕ್ಕ ಬಿಡಲು ಹೊತ್ತು ತೆಗೆದುಕೊಂಡರು. ಆದ್ದರಿಂದ "ಸುಮಾರು" ಅಂತ ಸೇರಿಸಲು ನಾಚಿಕೆ ಬೇಡ.

ಊರ ಹೆಸರು ಇನ್ನೊಂದು ಗೋಜಲು. ಶಿವಮೊಗ್ಗ ಇಂಗ್ಲಿಷ್ ಕಾಗದಗಳಲ್ಲಿ ಶಿಮೊಗಾ. ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಬಿದನೂರು, ಹೈದರ್‌ನಗರ, ನಗರ, ಮೂರೂ ಒಂದೇ ಊರು. ಹೊಸನಗರ ಬೇರೆ. ಕ್ಯಾಟಲಾಗಿಗೆ ಒಂದು ರೂಪ ಗೊತ್ತುಮಾಡಿ, ಉಳಿದದ್ದನ್ನು "ಇದನ್ನೂ ನೋಡಿ" ಅಂತ ಕೊಡಿ. ಶರಾವತಿ ಹಿನ್ನೀರಿನ ಕಡೆಯ ಕಾಗದಗಳಲ್ಲಿ ಇವತ್ತಿನ ನಕ್ಷೆಯಲ್ಲಿಲ್ಲದ ಊರುಗಳು ಬರುತ್ತವೆ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದಾಗ ಮುಳುಗಿದವು ಅವು. ಹತ್ತಿರದ ಈಗಿನ ಊರಿನ ಹೆಸರು ಹಾಕಿ ಸರಿ ಮಾಡಿಬಿಡಬೇಡಿ. ಆ ಊರು ಈಗ ಎಲ್ಲಾದರೂ ಉಳಿದಿದ್ದರೆ ಅದು ಇಂಥ ಕಾಗದದಲ್ಲೇ. ಹಳೆ ಹೆಸರು ಬರೆದು, ಪಕ್ಕದಲ್ಲಿ "ಮುಳುಗಡೆ" ಅಂತ ಸೇರಿಸಿ.

ಮನುಷ್ಯರ ಹೆಸರಿಗೂ ಇದೇ ಪಾಡು: ಹೆಗಡೆ, ಹೆಗ್ಡೆ, ಹೆಗಡೇರು. ಒಂದು ಪಟ್ಟಿ ಇಟ್ಟುಕೊಂಡು ಅದನ್ನೇ ನೋಡಿ ಬರೆಯಿರಿ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. "ನುಡಿ", "ಬರಹ" ಅನ್ನುವ ಹಳೆ ಫಾಂಟಿನಲ್ಲಿ ಮಾಡಿದ ಪಟ್ಟಿಗಳು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ. ಹುಡುಕಿದರೆ ಏನೂ ಸಿಗುವುದಿಲ್ಲ. ನಾನು ಸೇರಿದಲ್ಲಿ ಅಂಥದ್ದೊಂದು ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸುವುದಕ್ಕೇ ಹದಿನೈದು ದಿನ ಹೋಯಿತು. ಶುರುವಿಗೆ ಎಕ್ಸೆಲ್ ಸಾಕು. ಒಂದು ಸಾಲಿಗೆ ಒಂದು ಕಡತ, ಒಂದು ಕಾಲಂಗೆ ಒಂದೇ ಸಂಗತಿ. ಮುಂದೆ ಆಟಮ್‌ನಂಥ, ಪತ್ರಾಗಾರಗಳಿಗೆಂದೇ ಮಾಡಿದ ಉಚಿತ ತಂತ್ರಾಂಶಕ್ಕೆ ಇದನ್ನು ಸಾಗಿಸಬಹುದು. ಸ್ಕ್ಯಾನ್ ಮಾಡುವುದಿದ್ದರೆ ಕಡತದ ಉಲ್ಲೇಖ ಸಂಖ್ಯೆಯೇ ಫೈಲಿನ ಹೆಸರೂ ಆಗಲಿ. "ಅಜ್ಜನ ಪತ್ರ ಹೊಸದು ಫೈನಲ್ 2" ಅಂತ ಹೆಸರಿಟ್ಟವರು ನನಗೆ ಗೊತ್ತು.

ಕಡತ, ಓಲೆಗರಿ

ಆಫೀಸಿನ ಫೈಲಿಗೆ ನಾವು ಕಡತ ಅನ್ನುತ್ತೇವಲ್ಲ, ಆ ಮಾತು ಬಂದದ್ದು ನಿಜವಾದ ಒಂದು ವಸ್ತುವಿನಿಂದ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು, ಒಣಗಿಸಿ, ಬೀಸಣಿಗೆ ಹಾಗೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಮಲೆನಾಡಿನ ಹಳೆ ಮನೆ, ಮಠಗಳಲ್ಲಿ ಇನ್ನೂ ಸಿಗುತ್ತದೆ. ಒಂದೇ ಎಚ್ಚರಿಕೆ: ಒರೆಸಬೇಡಿ. ಬಳಪದ ಬರಹ ಒರೆಸಿದರೆ ಹೋಗುವಂಥದ್ದೇ. ಧೂಳು ಅಂತ ನೀವು ಬ್ರಷ್ ಹಿಡಿದರೆ ಅಕ್ಷರವೂ ಧೂಳಿನ ಜೊತೆ ಹೋಗುತ್ತದೆ.

ಓಲೆಗರಿ ಸಿಕ್ಕರೆ ದಾರ ಬಿಗಿಯಾಗಿದ್ದರೂ ಎಳೆಯಬೇಡಿ. ಗರಿ ಎಷ್ಟು, ಅಳತೆ ಎಷ್ಟು, ಲಿಪಿ ಯಾವುದು, ಮೊದಲ ಸಾಲು, ಕೊನೆಯ ಸಾಲು, ಇಷ್ಟು ಬರೆದರೆ ನಿಮ್ಮ ಕೆಲಸ ಮುಗಿಯಿತು. ನಮ್ಮ ಕಡೆ ಸಂಸ್ಕೃತ ಗರಿಗಳು ಹೆಚ್ಚಾಗಿ ತಿಗಳಾರಿ ಲಿಪಿಯಲ್ಲಿರುತ್ತವೆ. ದೂರದಿಂದ ಮಲಯಾಳದ ಹಾಗೆ ಕಾಣುತ್ತದೆ. ಓದಲು ಬಾರದಿದ್ದರೆ "ಲಿಪಿ ತಿಗಳಾರಿ ಇರಬಹುದು" ಅಂತ ಬರೆಯಿರಿ. ಎಣ್ಣೆ ಹಚ್ಚುವುದು ಗೊತ್ತಿದ್ದವರ ಕೆಲಸ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಗರಿಗಳ ಒಳ್ಳೆಯ ಸಂಗ್ರಹ ಇದೆ. ಕುವೆಂಪು ವಿಶ್ವವಿದ್ಯಾಲಯದ ಅಧೀನದಲ್ಲಿರುವ ಜಾಗ. ಸೇರುವ ಮುಂಚೆ ಒಮ್ಮೆ ಹೋಗಿ ನೋಡಿಬನ್ನಿ, ಕಣ್ಣು ಪಳಗುತ್ತದೆ.

ಎಲ್ಲರಿಗೂ ತೋರಿಸುವಂಥದ್ದಲ್ಲ

ಗೇಣಿ ಚೀಟಿ ಹಳೆಯದಾಯಿತು ಅಂತ ತಣ್ಣಗಾಗಿರುವುದಿಲ್ಲ. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಬಂತು. ಕೊಟ್ಟವರ ಮನೆ, ಪಡೆದವರ ಮನೆ ಇವತ್ತೂ ಒಂದೇ ಊರಿನಲ್ಲಿವೆ. ಪಾಲುಪಟ್ಟಿ, ಸಾಲಪತ್ರ, ಜಾತಕ, ಆಸ್ಪತ್ರೆ ಚೀಟಿ ಕಂಡರೆ ಕ್ಯಾಟಲಾಗಿನಲ್ಲಿ ಹೆಸರು ಬರೆಯುವ ಮುಂಚೆ ಕೇಳಿ. ಚಂದ ಇದೆ ಅಂತ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಬೇಡ. ಹಳೆ ದಾಖಲೆಯಲ್ಲಿ ಜಾತಿ ಹಿಡಿದು ಕೀಳಾಗಿ ಬರೆದ ಮಾತುಗಳಿರುತ್ತವೆ. ಮೂಲದಲ್ಲಿ ಅವನ್ನು ತಿದ್ದುವ ಹಾಗಿಲ್ಲ. ನಿಮ್ಮ ವಿವರಣೆಯಲ್ಲಿ ಮಾತ್ರ ಇವತ್ತಿನ ಮರ್ಯಾದೆಯ ಮಾತು ಬಳಸಿ, ಮೂಲದ್ದನ್ನು ಉಲ್ಲೇಖ ಚಿಹ್ನೆಯೊಳಗೆ ಇಡಿ.

ಬಿಟ್ಟು ಹೋಗುವ ಮುಂಚೆ

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಪ್ರತಿ ಸಂಗ್ರಹಕ್ಕೂ ಅರ್ಧ ಪುಟದ ಟಿಪ್ಪಣಿ ಬರೆದಿಡಿ. ಬಂದಾಗ ಹೇಗಿತ್ತು, ನೀವು ಏನು ಬದಲಿಸಿದಿರಿ, ಏನನ್ನು ಮುಟ್ಟಿಲ್ಲ, ಎಲ್ಲಿ ಊಹೆ ಮಾಡಿದ್ದೀರಿ. ತಾರೀಕು ಹಾಕಿ, ಹೆಸರಿನ ಮೊದಲಕ್ಷರ ಹಾಕಿ. ನಿಮ್ಮ ನಂತರ ಬರುವ ಹುಡುಗನಿಗೋ ಹುಡುಗಿಗೋ ಎಕ್ಸೆಲ್ ಪಟ್ಟಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಾನು ಬಿಚ್ಚಿದ ಆ ಕಟ್ಟಿನ ಟಿಪ್ಪಣಿಯನ್ನು ಮೇಡಂ ನನ್ನಿಂದಲೇ ಬರೆಸಿದರು. ಅಜ್ಜಿ ನೆನಪಿನಿಂದ ಹೇಳಿದ್ದನ್ನು, ಸೂಜಿತೂತುಗಳು ಒಂದರ ಮೇಲೊಂದು ಕೂರುವುದನ್ನು ಹಿಡಿದು ಹನ್ನೊಂದು ಜೊತೆಗಳನ್ನು ಮತ್ತೆ ಸೇರಿಸಿದೆವು. ಉಳಿದವು ಸೇರಲಿಲ್ಲ. ಕ್ಯಾಟಲಾಗಿನ ಆ ಸಾಲಿನಲ್ಲಿ ಈಗಲೂ ಹೀಗಿದೆ: "ಮೂಲ ಕ್ರಮ ಪತ್ರಾಗಾರದಲ್ಲಿ ಕೆಟ್ಟಿದೆ. ಹನ್ನೊಂದು ಜೊತೆ ಮರುಜೋಡಣೆ. ಕೆಂಪು ದಾರ ಲಕೋಟೆಯಲ್ಲಿದೆ."